ಡಾಕ್ಟರು ಮಲಗ್ಯಾರ

ನಮ್ಮ ಕೊಟ್ಟೂರಿನವರಿಗೆ ಯಾರ ಮೇಲಾದರೂ ಪ್ರೀತಿ ಹುಟ್ಟಿತೆಂದರೆ ಮೊದಲು ಹಾಳಾಗುವುದು ಅವರ ಮಧ್ಯಾಹ್ನದ ನಿದ್ದೆ. ಬೇಡಾದವರ ಮನೆಯ ಕಡೆ ನಾವು ತಲೆ ಹಾಕಿ ಮಲಗುವುದಿಲ್ಲ. ಬೇಕಾದವರನ್ನು ಅವರ ಮನೆಯಲ್ಲೇ ತಲೆ ಹಾಕಿ ಮಲಗಲು ಬಿಡುವುದಿಲ್ಲ. ನಮ್ಮಜ್ಜ ಒಂದು ಮಾತು ಹೇಳುತ್ತಿದ್ದ: "ಹಣ್ಣಿದ್ದ ಗಿಡಕ್ಕ ಕಲ್ಲು, ಗುಣ ಇದ್ದ ಮನಿಗೆ ಬಳಗ." ಕಲ್ಲು ಬಿದ್ದರೆ ಗಿಡ ಸುಮ್ಮನಿರುತ್ತದೆ, ಎಲ್ಲಿಗೂ ಓಡಿ ಹೋಗುವುದಿಲ್ಲ. ಮನುಷ್ಯ ಹಾಗಲ್ಲ ಎಂಬುದು ಅಜ್ಜನಿಗೆ ಹೊಳೆಯಲಿಲ್ಲವೋ, ಹೊಳೆದೂ ಹೇಳಲಿಲ್ಲವೋ. ನನಗಂತೂ ಅದು ಹೊಳೆದದ್ದು ನಮ್ಮ ಡಾಕ್ಟರು ದೇಶ ಬಿಡುವ ಮಾತು ತೆಗೆದ ದಿನ.

ಆ ದಿನ ನಮ್ಮ ಕಟ್ಟೆಯ ಮೇಲೆ ಇದ್ದವರು ನಾಲ್ಕು ಜನ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ಗುರುಬಸವ್ವ. ಪಂಪ್‌ಸೆಟ್ಟು ರಿಪೇರಿ ಮಾಡುವ ಖಾದರ್ ಸಾಬ; ಅವನು ನನ್ನ ಬಾಲ್ಯದ ಗೆಳೆಯ, ಕೈಯ ಗ್ರೀಸು ಒರೆಸಿಕೊಳ್ಳಲು ಸದಾ ನನ್ನ ಅಂಗಡಿಯ ಪೇಪರನ್ನೇ ಹುಡುಕುವವನು. ಡಾಕ್ಟರ್ ಪ್ರಭಾಕರ. ಮತ್ತು ನಾನು, ಕೊಟ್ರಪ್ಪ, ಬಜಾರದಲ್ಲಿ ಹಿತ್ತಾಳೆ ಸ್ಟೀಲು ಪಾತ್ರೆ ಮಾರುವವನು. ನಮ್ಮಾಕಿ, ನನ್ನ ಹೆಂಡತಿ ಗಿರಿಜೆ, ಒಳಗಿದ್ದಳು. ಆದರೆ ನಮ್ಮ ಮನೆಯಲ್ಲಿ ಹೊರಗಿನ ಮಾತು ಹೊರಗಿದ್ದವರಿಗಿಂತ ಒಳಗಿದ್ದವರಿಗೇ ಚೆನ್ನಾಗಿ ಕೇಳುವುದರಿಂದ ಅವಳನ್ನೂ ಹಾಜರಿಯಲ್ಲಿ ಸೇರಿಸಿಕೊಳ್ಳಬಹುದು.

ನಮ್ಮದು ಜೋಡಿ ಮನೆ. ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು, ಮುಂದೆ ಒಂದೇ ಕಟ್ಟೆ. ಒಂದು ಕಡೆ ನಾವು, ಇನ್ನೊಂದು ಕಡೆ ಬಾಡಿಗೆಗೆ ಡಾಕ್ಟರು. ಅವರು ಮೈಸೂರಿನ ಕಡೆಯವರು. ಮದುವೆಯಾದ ಹೊಸದರಲ್ಲಿ ಹೆಂಡತಿ ವಸುಂಧರಮ್ಮನನ್ನು ಕರೆದುಕೊಂಡು, ಎರಡು ಟ್ರಂಕು ಒಂದು ತಂಬೂರಿ ಹೊತ್ತುಕೊಂಡು ನಮ್ಮೂರಿಗೆ ಬಂದು ಮನೆಯ ಮುಂದಿನ ಕೋಣೆಯಲ್ಲೇ ದವಾಖಾನೆ ತೆಗೆದರು. ಆಯಮ್ಮ ಆ ತಂಬೂರಿಯ ಗವುಸು ಬಿಚ್ಚಿದ್ದನ್ನು ನಾನು ನೋಡಿಲ್ಲ. ಶ್ರುತಿ ಮಾಡುವಷ್ಟು ಹೊತ್ತು ಆ ಮನೆಯ ಬಾಗಿಲು ಸುಮ್ಮನಿದ್ದರೆ ತಾನೆ? ಅವರ ಮಗಳು ಪುಟ್ಟಿ ಹುಟ್ಟಿದ್ದು ಇಲ್ಲೇ, ಮಾತು ಕಲಿತದ್ದು ನಮ್ಮವ್ವನ ಮಡಿಲಲ್ಲಿ. ಹೀಗಾಗಿ ಆ ಮನೆಯಲ್ಲಿ ಗಂಡ ಹೆಂಡತಿ ಮೈಸೂರಿನ ಮಾತು ಆಡಿದರೆ, ಮಗಳು ಸಂತೆಯ ಮಾತು ಆಡುತ್ತಿತ್ತು.

ಡಾಕ್ಟರು ಗಂಟಲು ಸರಿ ಮಾಡಿಕೊಂಡು ಹೇಳಿದರು: "ಕೊಟ್ರಪ್ಪನೋರೆ, ನಿಮಗೇ ಮೊದಲು ಹೇಳಬೇಕು ಅನ್ನಿಸ್ತು. ಲಿಬಿಯಾ ದೇಶದಲ್ಲಿ ಕೆಲಸ ಸಿಕ್ಕಿದೆ. ಒಪ್ಪಿಗೆ ಇನ್ನೂ ಬರೆದಿಲ್ಲ. ಈ ತಿಂಗಳ ಕೊನೆಯೊಳಗೆ ಬರೀಬೇಕು."

ಅವ್ವನೇ ಮೊದಲು ಕೇಳಿದಳು: "ಅದಕ್ಕ ಹರಪನಹಳ್ಳಿ ಮ್ಯಾಲೆ ಹೋಗಬೇಕೇನಪ?"

ಡಾಕ್ಟರು ಕ್ಷಣ ಯೋಚಿಸಿ, "ಹೌದಮ್ಮ, ಮೊದಲು ಹರಪನಹಳ್ಳಿ ಮೇಲೇನೇ" ಎಂದರು. ಸುಳ್ಳೇನಲ್ಲ. ನಮ್ಮೂರಿನಿಂದ ದಾವಣಗೆರೆ, ಬೆಂಗಳೂರು, ಚಂದ್ರಲೋಕ, ಎಲ್ಲದಕ್ಕೂ ಬಸ್ಸು ಹರಪನಹಳ್ಳಿ ಮೇಲೇ.

ಸಂಬಳದ ಆಸೆ ಇರಬೇಕೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಂಗಡಿಯವನ ಬುದ್ಧಿ ಅಷ್ಟೇ ದೂರ ಹೋಗುವುದು. ಡಾಕ್ಟರು ಅದನ್ನು ಮುಖದಲ್ಲೇ ಓದಿಕೊಂಡವರಂತೆ, "ದುಡ್ಡಿಗಲ್ಲಾರೀ. ಅಲ್ಲಿ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯತ್ತಂತೆ. ಆಮೇಲೆ ಮನೆಗೆ ಯಾರೂ ಬರಲ್ವಂತೆ" ಎಂದರು. ಕೈಲಾಸದ ವರ್ಣನೆ ಮಾಡುವಾಗ ಪುರಾಣದ ಶಾಸ್ತ್ರಿಗಳ ಮುಖ ಹೀಗೇ ಬೆಳಗುವುದನ್ನು ನಾನು ನೋಡಿದ್ದೇನೆ.

ಅವ್ವ ಮೊರ ಕೆಳಗಿಟ್ಟಳು. "ಯಾರೂ ಬರಲಾರದ ಮನಿ? ಅಯ್ಯ ಪಾಪ! ಅಂಥಾ ಊರಾಗ ಜನ ಹೆಂಗ ಇರತಾರಪ?"

ಡಾಕ್ಟರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಕಾನಹೊಸಹಳ್ಳಿ ಕಡೆಯ ಒಬ್ಬ ದವಡೆ ಹಿಡಿದುಕೊಂಡು ಬಂದು ತನ್ನ ಬಾಯಿ ತೆರೆದ. ಡಾಕ್ಟರು ತಮ್ಮ ಬಾಯಿ ಮುಚ್ಚಿ ಅವನ ಬಾಯೊಳಗೆ ನೋಡಿದರು. ಲಿಬಿಯಾದ ಮಾತು ಅಲ್ಲಿಗೆ ನಿಂತಿತು.

ಈಗಿನವರು ಕೆಲಸ ಬೇರೆ, ಬದುಕು ಬೇರೆ, ಎರಡೂ ಸಮತೂಕವಾಗಿರಬೇಕು ಎನ್ನುತ್ತಾರೆ. ನಾನು ಹುಟ್ಟಾ ತಕ್ಕಡಿ ಹಿಡಿದವನು, ತೂಕ ನನಗೆ ಗೊತ್ತು. ನಮ್ಮ ಡಾಕ್ಟರ ತಕ್ಕಡಿಗೆ ಇದ್ದದ್ದು ಒಂದೇ ತಟ್ಟೆ. ಇನ್ನೊಂದನ್ನು ಊರವರು ಎತ್ತಿಕೊಂಡು ಹೋಗಿ ಅದರಲ್ಲಿ ಅವರಿಗೇ ಊಟ ಬಡಿಸುತ್ತಿದ್ದರು. ನಮ್ಮ ಕಡೆ ಡಾಕ್ಟರನ್ನು ನೋಡಲು ರೋಗವೇ ಬೇಕೆಂದಿಲ್ಲ. ಸಂತೆಗೆ ಬಂದವರು ಮೆಣಸಿನಕಾಯಿ ಮಾರಿ, ಮಂಡಕ್ಕಿ ಮಿರ್ಚಿ ತಿಂದು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದಾದರೆ ಡಾಕ್ಟರ ಮನೆಗೆ ಬರುತ್ತಿದ್ದರು. "ಏನಾಗಿದೆ?" ಎಂದು ಕೇಳಿದರೆ, "ಏನಿಲ್ರಿ, ಬಂದಿದ್ವಿ, ಹಂಗ ನಾಡಿ ತೋರಿಸಿ ಹೋಗೋಣಂತ" ಎನ್ನುತ್ತಿದ್ದರು. ಊರಿಗೆ ಬಂದು ಡಾಕ್ಟರಿಗೆ ಮುಖ ತೋರಿಸದೆ ಹೋದರೆ ಅವರಿಗೆಲ್ಲಿ ಬೇಜಾರಾದೀತೋ ಎಂಬ ಚಿಂತೆ. ಬರಿಗೈಯಲ್ಲಿ ಬರುತ್ತಿರಲಿಲ್ಲ, ಸೌತೆಕಾಯಿ, ಹಸಿ ಶೇಂಗಾ, ಅವರೆಕಾಯಿ ತರುತ್ತಿದ್ದರು. ತಂದದ್ದನ್ನು ಕೂತು ಹೊಗಳಿಸಿಕೊಂಡೇ ಏಳುತ್ತಿದ್ದರು. ಒಬ್ಬ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ. ಪ್ರೀತಿಯ ಕಾಣಿಕೆಯೆಂದು ವಸುಂಧರಮ್ಮ ಗಾಬರಿಯಾಗಿ ಒಳಗೆ ಓಡಿದರು. ಕಾಣಿಕೆಯಲ್ಲ, ಅದಕ್ಕೆ ಕೆಮ್ಮು. "ನನಗ ಹಾಕಿದ್ರಲ್ಲ, ಅದಾ ಸೂಜಿ ಇದಕ್ಕೂ ಹಾಕ್ರಿ" ಎಂದ.

ಊಟದ ಕಥೆ ಕೇಳಬೇಡಿ. ಮೊದಲ ತುತ್ತಿಗೂ ಕದದ ಚಿಲಕಕ್ಕೂ ಏನೋ ತಂತಿ ಕಟ್ಟಿದಂತೆ, ಕೈ ಬಾಯಿಗೆ ಹೋಗುವುದು, ಚಿಲಕ ಬಡಿದುಕೊಳ್ಳುವುದು. ಡಾಕ್ಟರು ಒಂದಷ್ಟು ದಿನ ತಟ್ಟೆ ಹಿಡಿದು ಹಿತ್ತಲಿನಿಂದ ನಮ್ಮ ಅಡುಗೆಮನೆಗೆ ಬಂದು ಬಚ್ಚಿಟ್ಟುಕೊಂಡು ಉಣ್ಣತೊಡಗಿದರು. ವಾರದೊಳಗೆ ಜನ ಅದನ್ನೂ ಪತ್ತೆ ಮಾಡಿ ನಮ್ಮ ಚಿಲಕವನ್ನೂ ಬಡಿಯತೊಡಗಿದರು. ಇದೆಲ್ಲವನ್ನೂ ಡಾಕ್ಟರು ನಕ್ಕು ನುಂಗುತ್ತಿದ್ದರು. ಅವರು ನಗದೆ ಇದ್ದದ್ದು ಒಂದೇ ವಿಷಯಕ್ಕೆ. ಪುಟ್ಟಿ ಅವರನ್ನು ಅಪ್ಪಾ ಎನ್ನುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದನ್ನೇ ಕಲಿತಿದ್ದ ಆ ಕೂಸು ಬಾಗಿಲಲ್ಲಿ ನಿಂತು, "ಡಾಕ್ಟ್ರ, ಊಟಕ್ಕ ಬರ್ರಿ" ಎಂದು ಕರೆಯುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಎಂಥ ಶಾಣ್ಯಾ ಕೂಸು ಎಂದು ಕೆನ್ನೆ ಹಿಂಡುತ್ತಿದ್ದೆವು.

ಲಿಬಿಯಾದ ಸುದ್ದಿ ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವ್ವನಿಗೆ ದಮ್ಮು. ಚಳಿ ಬಿತ್ತೆಂದರೆ ಅವಳ ಎದೆಯಲ್ಲಿ ತಿದಿ ಊದಿದಂತೆ ಸಪ್ಪಳ. ಎಂಥ ಹೊತ್ತಿನಲ್ಲೇ ಆಗಲಿ ನಡುವಿನ ಗೋಡೆ ತಟ್ಟಿದರೆ ಸಾಕು, ಡಾಕ್ಟರು ಲುಂಗಿಯ ಮೇಲೇ ಹಿತ್ತಲಿನಿಂದ ಬಂದು ಸೂಜಿ ಕೊಟ್ಟು, ಉಸಿರು ತಿಳಿಯಾಗುವವರೆಗೆ ಅವಳ ಬೆನ್ನು ನೀವುತ್ತಾ ಕೂರುತ್ತಿದ್ದರು. ಇನ್ನು ಆ ಗೋಡೆ ತಟ್ಟಿದರೆ ಬರಿಯ ಗೋಡೆ. ಅಂಗಡಿಯಲ್ಲಿ ಕೊಡದ ತೂಕ ತಪ್ಪಿ ಹೇಳಿದೆ. ಮದುಮಗಳಿಗೆ ಕೊಡುವ ಪರಾತದ ಮೇಲೆ ಮದುಮಗಳ ಹೆಸರಿನ ಬದಲು ನನ್ನ ಹೆಸರೇ ಕೊರೆದೆ. ಆ ಬೀಗರು ಇವತ್ತಿಗೂ ನನ್ನನ್ನು ಒಂದು ನಮೂನೆ ನೋಡುತ್ತಾರೆ.

ಪರಿಹಾರ ಹೇಳಿದವನು ಖಾದರ್ ಸಾಬ. ಅವನ ಪ್ರಕಾರ ಯಾವ ಮಷೀನೂ ಕೆಡುವುದಿಲ್ಲ, ಎಲ್ಲೋ ಗಾಳಿ ಹಿಡಿದಿರುತ್ತದೆ ಅಷ್ಟೇ. "ಕೊಟ್ರಣ್ಣ, ಡಾಕ್ಟರ್ ಸಾಬ್ರಿಗೆ ಬ್ಯಾರೆ ಏನೂ ಬ್ಯಾಡ. ಮಧ್ಯಾಹ್ನ ಉಂಡು ಮಲಗಾಕ ಮೂರು ತಾಸು ಕೊಡು. ಲಿಬಿಯಾದಾಗ ಏನೈತಿ, ಅದನ್ನ ನಾವು ಇಲ್ಲೇ ಕೊಟ್ಟುಬಿಟ್ರ ಅಷ್ಟು ದೂರ ಯಾಕ ಹೋಗ್ಯಾರು?"

"ಜನ ಬಿಡಬೇಕಲ್ಲೋ ಖಾದರ?"

"ಜನಕ್ಕ ಗೊತ್ತಿಲ್ಲ ಅದಕ್ಕ ಬರತಾರ. ಡಂಗುರ ಹೊಡಸು. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಡಾಕ್ಟರು ಮಲಗತಾರಂತ ಊರಿಗೆಲ್ಲಾ ತಿಳೀಲಿ."

ನನಗೂ ಅದು ಭಾರಿ ಸರಿಯೆನಿಸಿತು. ಒಳಗಿನಿಂದ ಗಿರಿಜೆ, "ಮಲಗಿದ್ದು ಊರಿಗೆ ಸಾರೂ ಮಂದೀನ ಇಲ್ಲೇ ನೋಡಿದ್ನವ್ವ" ಎಂದದ್ದನ್ನು ನಾವು ಗಂಡಸರು ಕಿವಿಗೆ ಹಾಕಿಕೊಳ್ಳಲಿಲ್ಲ. ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಮುಟ್ಟಲೆಂದು ಸಂತೆಯ ದಿನವನ್ನೇ ಆರಿಸಿದೆವು. ಡಂಗುರ ಸಾರುವ ಹನುಮಪ್ಪ ಕೆಲಸದಲ್ಲಿ ಕಟ್ಟುನಿಟ್ಟು. ವಿಷಯ ಯಾರದೋ ಅವರ ಮನೆಯ ಮುಂದಿನಿಂದಲೇ ಶುರು ಮಾಡುವುದು ಅವನ ಪದ್ಧತಿ. ಡಾಕ್ಟರು ಆ ದಿನ ಏನೋ ಪುಣ್ಯಕ್ಕೆ ಬೇಗ ಉಂಡು ಅಡ್ಡಾಗಿದ್ದರು. ಹನುಮಪ್ಪ ಅವರ ಕಿಟಕಿಯ ಕೆಳಗೆ ನಿಂತು ಢಣಢಣ ಬಾರಿಸಿ, "ಕೇಳ್ರಪೋ ಕೇಳ್ರಿ! ಇವತ್ತಿನಿಂದ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಡಾಕ್ಟರು ಮನಿಯಾಗ ಮಲಗಿರತಾರಾ! ಯಾರೂ ಕದಾ ಬಡೀಬಾರದೂ!" ಎಂದು ಕೂಗಿದ. ಡಾಕ್ಟರು ಟವೆಲು ಸುತ್ತಿಕೊಂಡು ಹೊರಗೆ ಹಾರಿ ಬಂದರು.

"ಏನಾಯ್ತು? ಬೆಂಕಿ ಬಿತ್ತಾ?"

"ಏನಿಲ್ರಿ ಸಾಹೇಬ್ರ, ನೀವು ಮಲಗೀರಂತ ಹೇಳಾಕತ್ತೀನಿ. ನೀವು ಮಲಗ್ರಿ."

ಆ ಡಂಗುರದಿಂದ ಏನಾಯಿತೆಂದು ಹೇಳಿದರೆ ನಿಮಗೆ ನಗು ಬಂದೀತು, ನನಗೆ ಇವತ್ತಿಗೂ ಬೆವರು ಬರುತ್ತದೆ. ಅಲ್ಲಿಯವರೆಗೆ ಹಳ್ಳಿಗಳ ಜನಕ್ಕಿದ್ದ ಒಂದೇ ತೊಂದರೆಯೆಂದರೆ ಡಾಕ್ಟರು ಯಾವಾಗ ಸಿಗುತ್ತಾರೆಂದು ಗೊತ್ತಿರಲಿಲ್ಲ. ಬಂದರೆ ಅವರು ಇನ್ನೆಲ್ಲೋ ಬಾಣಂತಿಯನ್ನು ನೋಡಲು ಹೋಗಿರುತ್ತಿದ್ದರು. ಈಗ ಹಂಪಸಾಗರದಿಂದ ಹಿಡಿದು ಹಲವಾಗಲಿನವರೆಗೆ ಹೊಳೆ ದಂಡೆಯ ಊರುಗಳಿಗೆಲ್ಲ ಒಂದು ಮಾತು ಖಚಿತವಾಯಿತು: ಒಂದರಿಂದ ನಾಲ್ಕು, ಡಾಕ್ಟರು ಮನೆಯಲ್ಲೇ ಇರುತ್ತಾರೆ! ಜನ ಹನ್ನೆರಡರ ಬಸ್ಸಿಗೇ ಬಂದು ಇಳಿಯತೊಡಗಿದರು.

ಆದರೆ ಅವರು ದೊಡ್ಡ ಮನುಷ್ಯರು, ಆ ಮಾತು ಹೇಳಲೇಬೇಕು. ಒಬ್ಬರೂ ಕದ ಬಡಿಯಲಿಲ್ಲ. ಕಟ್ಟೆ ತುಂಬಿತು, ಬೇವಿನ ಗಿಡದ ನೆರಳು ತುಂಬಿತು, ಎದುರು ಮನೆಯ ಮೆಟ್ಟಿಲು ತುಂಬಿತು. ಎಲ್ಲರೂ ಡಾಕ್ಟರ ನಿದ್ದೆ ಕಾಯುತ್ತಾ ಕೂತರು. ಕೆಮ್ಮು ಬಂದವನು ಕೆಮ್ಮನ್ನು ಟವೆಲಿನಲ್ಲಿ ಕಟ್ಟಿ ಓಣಿಯ ಕೊನೆಗೆ ಹೋಗಿ ಕೆಮ್ಮಿ ಬರುತ್ತಿದ್ದ. ಯಾರಾದರೂ ಪಿಸುಗುಟ್ಟಿದರೆ ಪಕ್ಕದವನು "ಶ್ಶ್! ಡಾಕ್ಟರು ಮಲಗ್ಯಾರ" ಎನ್ನುವನು. ಅವನ ಸಪ್ಪಳಕ್ಕೆ ಆಚೆಯವನು ಇನ್ನೂ ಜೋರಾಗಿ, "ಏ, ನೀ ಯಾಕ ಒದರತಿ? ಡಾಕ್ಟರು ಮಲಗ್ಯಾರಂತ ಗೊತ್ತಿಲ್ಲೇನು?" ಎನ್ನುವನು. ಕೊನೆಗೆ ಕಿವಿ ಮಂದವಾದ ಒಬ್ಬ ಮುದುಕಿ ಎದ್ದು ನಿಂತು, ಹೊಲದಲ್ಲಿ ಹಕ್ಕಿ ಹೊಡೆಯುವ ದನಿಯಲ್ಲಿ, "ಸುಮ್ಮನಿರ್ರೋ ನಿಮ್ಮ ಬಾಯಿಗಿಷ್ಟು ಮಣ್ಣ ಹಾಕಲಿ! ಡಾಕ್ಟರು ಮಲಗ್ಯಾರ!" ಎಂದು ಕೂಗುವಳು. ಮೂರು ಓಣಿಯಾಚೆ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು.

ಈ ಮೌನದ ಉಸ್ತುವಾರಿ ನನ್ನದು. ಅಂಗಡಿಗೆ ಬೀಗ ಹಾಕಿ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಮೊದಲ ದಿನ ಹಲವಾಗಲಿನ ಒಬ್ಬ ಹತ್ತಿರ ಸರಿದು, "ಶೆಟ್ರ, ನೀವು ಬಾಜೂಕ ಇರೋರು, ನಿಮಗ ಇಷ್ಟೊತ್ತಿಗೆ ಎಲ್ಲಾ ಗೊತ್ತಾಗಿರತೈತಿ. ಇದನ್ನೊಂದು ನೋಡ್ರಿ" ಎಂದು ನಾಲಿಗೆ ಚಾಚಿದ. ನಾನು ನೋಡಬಾರದಿತ್ತು. ಒಮ್ಮೆ ಒಬ್ಬನ ನಾಲಿಗೆ ನೋಡಿದವನಿಗೆ ಈ ಲೋಕದಲ್ಲಿ ಮತ್ತೆ ಬಿಡುಗಡೆ ಇಲ್ಲ. ಮರುದಿನದಿಂದ ಪಾದದ ಆಣಿ, ಬೆನ್ನಿನ ಕುರು, ಸೊಸೆಯ ಬಾಯಿ, ಎಲ್ಲವನ್ನೂ ನನಗೇ ತೋರಿಸಿ ಹೇಳತೊಡಗಿದರು. ಸೊಸೆಯ ಬಾಯಿಗೆ ನನ್ನಲ್ಲಿ ಔಷಧ ಇರಲಿಲ್ಲ. ಇದ್ದಿದ್ದರೆ ಪಾತ್ರೆ ಅಂಗಡಿ ಯಾಕೆ ಇಡುತ್ತಿದ್ದೆ? ಮಧ್ಯಾಹ್ನವೆಲ್ಲ ಕೇಳಿ ಕೇಳಿ ಸಂಜೆಯ ಹೊತ್ತಿಗೆ ನನಗೂ ಎಡಗಾಲು ಜುಮುಜುಮು, ಬಲಗಿವಿ ಗುಂಯ್. ತಲೆ ಹಾಕಿ ಮಲಗಿದರೆ ಕಣ್ಣಮುಂದೆ ನಾಲಿಗೆಗಳ ಮೆರವಣಿಗೆ.

ಗಿರಿಜೆ ನಾಲ್ಕಕ್ಕೆ ನನಗೆ ಬಡಿಸುತ್ತಾ, "ರೊಟ್ಟಿ ಆರಿ ಹಪ್ಪಳಾಗ್ಯಾವು. ಅಂಗಡಿಗೆ ಬೀಗ. ಅಲ್ಲಿ ಅವರಿಗೆ ನಿದ್ದಿ ಇಲ್ಲ, ಇಲ್ಲಿ ನಿಮಗ ಊಟ ಇಲ್ಲ. ಡಾಕ್ಟರಮ್ಮನ ಸಂಕಟ ನನಗ ಈಗ ತಿಳೀತು. ಲಿಬಿಯಾಕ್ಕ ಅವರು ಹೋಗತಾರೋ ಬಿಡತಾರೋ, ಇನ್ನೊಂದು ವಾರ ಹಿಂಗಾದ್ರ ನಾನಂತೂ ಹಡಗಲಿಗೆ ಹೋಗಾಕಿ" ಎಂದಳು. ಹಡಗಲಿ ಅವಳ ತವರು. ಅವರವರ ಶಕ್ತಿಗೆ ತಕ್ಕ ಪರದೇಶ.

ಅವಳು ಹೇಳಿದ್ದು ನಿಜ. ಡಾಕ್ಟರಿಗೆ ನಿದ್ದೆ ಬರುತ್ತಿರಲಿಲ್ಲ. ಒಳಗೆ ಅಡ್ಡಾಗಿ ಜಂತಿ ನೋಡುತ್ತಿದ್ದರಂತೆ. ಎರಡೂವರೆಗೆ ಕದ ಸ್ವಲ್ಪ ತೆರೆದು, "ಕೊಟ್ರಪ್ಪನೋರೆ, ಆ ಜ್ವರದ ಹೆಂಗಸನ್ನಾದರೂ ಕಳಿಸಿ" ಎನ್ನುವರು. ನಾನು, "ಡಾಕ್ಟರೇ, ನೀವು ಮಲಗಬೇಕ್ರಿ" ಎಂದು ಕದ ಎಳೆಯುವೆ. ಅವರು ಒಳಗಿನಿಂದ ಎಳೆಯುವರು. "ಅಷ್ಟು ಜನ ಹೊರಗೆ ಕಾಯ್ತಿದಾರೆ ಅಂತ ಗೊತ್ತಿದ್ದೂ ಹೇಗ್ರೀ ಮಲಗೋದು? ಬಾಗಿಲು ಬಡಿದ್ರೆ ಸಿಟ್ಟಾದ್ರೂ ಬರ್ತಿತ್ತು. ಈಗ ಸಿಟ್ಟು ಮಾಡೋಕೂ ಆಗಲ್ಲ" ಎಂದರು ಒಂದು ದಿನ, ಅಳುವ ದನಿಯಲ್ಲಿ.

ತಿಂಗಳ ಕೊನೆ ಹತ್ತಿರ ಬಂದಿತ್ತು. ಆ ಮಧ್ಯಾಹ್ನ ನಾನು ಹೊಸದೊಂದು ಶಿಸ್ತು ತಂದಿದ್ದೆ: ಬಂದವರನ್ನು ಕಟ್ಟೆಯ ಮೇಲೆ ಬಂದ ಸರದಿಯಂತೆ ಪಾಳಿಯಲ್ಲಿ ಕೂರಿಸುವುದು. ಸಾಲಿನ ನಡುವೆ ಎಲ್ಲೋ ಪುಟ್ಟಿ ಆಡುತ್ತಾ ಬಂದು ನನ್ನ ಪಂಚೆ ಎಳೆಯಿತು. ನಾನು ಇಬ್ಬರು ಮುದುಕರ ಜಗಳ ಬಿಡಿಸುವ ಗಡಿಬಿಡಿಯಲ್ಲಿದ್ದೆ. "ಹಿಂದ ಕೂಡವ್ವಾ, ಪಾಳಿ ಪ್ರಕಾರ ಬಿಡತೀನಿ" ಎಂದೆ. ಪುಟ್ಟಿ ತಲೆಯಾಡಿಸಿ ಹೋಗಿ ಸಾಲಿನ ಕೊನೆಗೆ, ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬನ ಪಕ್ಕದಲ್ಲಿ ಕೂತಿತು. ಅವನಂತೆಯೇ ಕಾಲು ಮಡಚಿ, ಅವನಂತೆಯೇ ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡು.

ಡಾಕ್ಟರು ಮೂರಕ್ಕೇ ಎದ್ದು ಬಾಗಿಲು ತೆರೆದರು. ಒಬ್ಬೊಬ್ಬರನ್ನೇ ಒಳಗೆ ಕರೆದು ನೋಡಿ ಕಳಿಸಿದರು. ಸಾಲು ಕರಗುತ್ತಾ ಬಂತು. ಪಟ್ಟಿಯವನೂ ಹೋದ. "ಮುಂದಿನವರು ಬನ್ನಿ" ಎಂದು ತಲೆ ಎತ್ತಿದರೆ ಮುಂದೆ ಪುಟ್ಟಿ.

"ಏನಾಗಿದೆ ಪುಟ್ಟಿ? ಜ್ವರಾನಾ?" ಎಂದು ಡಾಕ್ಟರು ಗಾಬರಿಯಿಂದ ಹಣೆ ಮುಟ್ಟಿದರು.

"ಏನಿಲ್ರಿ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೆ?"

"ನಿಮ್ಮನ್ನ ನೋಡಾಕ, ಡಾಕ್ಟ್ರ. ಪಾಳಿ ಹಚ್ಚಿದ್ನಿ" ಎಂದಿತು ಕೂಸು.

ನಾನು ಬಾಗಿಲಲ್ಲೇ ಇದ್ದೆ. ಆ ಕೂಸನ್ನು ಸಾಲಿನ ಕೊನೆಗೆ ಕಳಿಸಿದವನು ನಾನೇ. ಡಾಕ್ಟರು ಅದನ್ನು ಎತ್ತಿ ರೋಗಿಗಳ ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ನಾಡಿ ಹಿಡಿದಂತೆ ಅದರ ಕೈ ಹಿಡಿದುಕೊಂಡಿದ್ದರು. ಒಳಬಾಗಿಲಲ್ಲಿ ವಸುಂಧರಮ್ಮ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ಹೊರಗೆ ಇನ್ನೊಬ್ಬ ಬಂದು "ಅದಾರೇನ್ರಿ ಡಾಕ್ಟರು?" ಎಂದ. ನಾನು ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ, "ಇಲ್ಲ" ಎಂದೆ.

ಆ ಸಂಜೆ ಡಾಕ್ಟರು ನಮ್ಮ ಪಡಸಾಲೆಗೆ ಬಂದರು. ಬಂದ ಕೆಲಸ ನನಗೆ ಗೊತ್ತಿತ್ತು, ಹಾಗಾಗಿ ಮಾತು ತೆಗೆಯದಂತೆ ಮಂಡಕ್ಕಿ, ಚಹಾ, ಮಳೆ, ಶೇಂಗಾ ಧಾರಣೆ ಎಂದು ಏನೇನೋ ಅಡ್ಡ ಇಡುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದೆ. ಅವ್ವ, "ಲೇ ಕೊಟ್ರಾ, ಹುಲ್ಲು ಕಾಣದ ಕರಾ ಓಡಾಡಿದಂಗ ಯಾಕ ಓಡಾಡತಿ? ಕೂಡು" ಎಂದು ಗದರಿ, ಡಾಕ್ಟರ ಕಡೆ ತಿರುಗಿದಳು.

"ಹೋಗಪ" ಎಂದಳು. "ಅಪ್ಪನ್ನ ನೋಡಾಕ ಕೂಸು ಪಾಳಿ ಹಚ್ಚೂದಾದ್ರ ಅದು ಮನಿ ಅಲ್ಲ. ಹೋಗು."

"ನಿಮ್ಮ ದಮ್ಮು, ಅಮ್ಮಾ?"

"ನನ್ನ ದಮ್ಮು ನಿನಗಿಂತ ಹಳೇದು. ನೀ ಬರೂಕಿಂತ ಮದ್ಲೂ ಉಸುರಾಡತಿದ್ನಿ, ಹೋದ ಮ್ಯಾಲೂ ಆಡತೀನಿ. ನಾ ಏನು ನೀ ಬರೂ ತನಕ ಉಸುರು ಹಿಡಕೊಂಡು ಕುಂತಿದ್ನೇನು?"

ಡಾಕ್ಟರು ನಕ್ಕರು. ಆಮೇಲೆ ಅವ್ವನ ಕಾಲು ಮುಟ್ಟಿದರು. ನನಗೆ ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲೂ ಇಲ್ಲ.

ಸುದ್ದಿ ಹರಡಿತು. ಜನ ಅತ್ತರು, ಅತ್ತು ನೇರ ನನ್ನ ಅಂಗಡಿಗೆ ಬಂದರು. ಪರದೇಶಕ್ಕೆ ಹೋಗುವವರಿಗೆ ನೆನಪಿಗೆಂದು ಕೊಡ, ತಂಬಿಗೆ, ಪರಾತ, ಗಂಗಾಳ. ಒಂದೊಂದರ ಮೇಲೂ ಊರು ಹೆಸರು ಕೊರೆಯಬೇಕು. ಡಾಕ್ಟರು ಹೋಗಬಾರದೆಂದು ಡಂಗುರ ಹೊಡೆಸಿದವನೂ ನಾನೇ, ಅವರ ಬೀಳ್ಕೊಡುಗೆಗೆ ಕೈ ನೋಯುವಷ್ಟು ಹೆಸರು ಕೊರೆಯುತ್ತಿದ್ದವನೂ ನಾನೇ. ವಿಮಾನದಲ್ಲಿ ಇಷ್ಟು ಪಾತ್ರೆ ಒಯ್ಯಲು ಬಿಡುವುದಿಲ್ಲವೆಂದು ಡಾಕ್ಟರು ಎಷ್ಟು ಹೇಳಿದರೂ, "ಮ್ಯಾಲೆ ಕಟ್ಟಾಕ ಜಾಗ ಇರತೈತಲ್ರಿ?" ಎಂದು ಜನ ಕೇಳುತ್ತಿದ್ದರು. ಕೊನೆಗೆ ಎಲ್ಲವೂ ನಮ್ಮ ಅಟ್ಟ ಸೇರಿದವು.

ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೈ ಮುಗಿಯಲು ಬಂದವರೇ ಎಲ್ಲ. ಆದರೆ ಮುಗಿದ ಕೈಯನ್ನು ಹಾಗೇ ತಿರುಗಿಸಿ, "ಕಡೀ ಸಲ ಒಂದು ನಾಡಿ ನೋಡ್ರಿ" ಎಂದು ಕಿಟಕಿಯೊಳಗೆ ಚಾಚುತ್ತಿದ್ದರು. ಕಂಡಕ್ಟರು ಸೀಟಿ ಊದಬೇಕಾದವನು, ಡಾಕ್ಟರಿಗೆ ತನ್ನ ಕಣ್ಣಿನ ರೆಪ್ಪೆ ಮಗುಚಿ ತೋರಿಸುತ್ತಾ ನಿಂತಿದ್ದ. ಖಾದರ್ ಸಾಬ ಪುಟ್ಟಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಬಸ್ಸಿನ ಹಿಂದೆ ಹೋಗಿ ಎಂಜಿನ್ನಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಬಗ್ಗಿ ಏನೋ ನೋಡುತ್ತಾ ಮೂಗು ಒರೆಸಿಕೊಳ್ಳುತ್ತಿದ್ದ. ನಾನು ಹಿಂದಿನ ದಿನದಿಂದ ಹೇಳಬೇಕಾದ ಮಾತನ್ನು ಕಟ್ಟಿ ಇಟ್ಟುಕೊಂಡಿದ್ದೆ. ನಮ್ಮವ್ವನ ಬೆನ್ನು ನೀವಿದ್ದು, ನಮ್ಮ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ಕೂತದ್ದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂಬುದು, ಎಲ್ಲವೂ ಒಳ್ಳೆಯ ಗ್ರಂಥದ ಭಾಷೆಯಲ್ಲಿ. ಬಸ್ಸು 'ಗುರ್' ಎಂದು ಅಲುಗಿತು. ನಾನು ಜನರನ್ನು ನೂಕಿಕೊಂಡು ಕಿಟಕಿಯ ಬಳಿ ಓಡಿದೆ. ಡಾಕ್ಟರು ಕಣ್ಣು ತುಂಬಿಕೊಂಡು ಹೊರಗೆ ಬಾಗಿದರು. ನನ್ನ ಬಾಯಿಂದ ಬಂದದ್ದು ಇಷ್ಟು:

"ಡಾಕ್ಟರೇ, ಮೊನ್ನೆ ಎದಿ ಉರಿಗೆ ಬಿಳೇ ಗುಳಿಗಿ ಕೊಟ್ಟೀರಲ್ಲ, ಅದು ಊಟಕ್ಕ ಮದ್ಲೋ, ಆಮ್ಯಾಲೋ?"

ಅವರು ಏನೋ ಹೇಳಿದರು. ಬಸ್ಸಿನ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ.

ಪಕ್ಕದ ಮನೆಗೆ ಬ್ಯಾಂಕಿನವರೊಬ್ಬರು ಬಂದರು. ಅವರ ಕದವನ್ನು ಯಾರೂ ಬಡಿಯುತ್ತಿರಲಿಲ್ಲ. ಅವ್ವನನ್ನು ನಾವು ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಯ ಡಾಕ್ಟರಲ್ಲಿಗೆ ಕರೆದೊಯ್ಯತೊಡಗಿದೆವು. ಅಲ್ಲಿ ಅವಳು ಬೆನ್ನು ತೋರಿಸುವ ಮೊದಲು, "ಉಂಡೀಯೇನಪ?" ಎಂದು ಡಾಕ್ಟರನ್ನು ಕೇಳುತ್ತಿದ್ದಳು. ಅವರು ಉಂಡಿಲ್ಲ ಎಂದರೆ, ಉಂಡು ಬರುವವರೆಗೆ ತೋರಿಸುತ್ತಿರಲಿಲ್ಲ. ಮರುವರ್ಷ ಖಾದರ್ ಸಾಬನಿಗೂ ಲಿಬಿಯಾದಲ್ಲೇ ಮಷೀನು ರಿಪೇರಿಯ ಕೆಲಸ ಸಿಕ್ಕಿತು. ಡಾಕ್ಟರ ವಿಳಾಸ ನನ್ನಿಂದ ಬರೆಸಿಕೊಂಡು, ಹರಪನಹಳ್ಳಿ ಮೇಲೇ ಹೋದ.

ಅವನು ರಜೆಗೆ ಬಂದದ್ದು ಇನ್ನೂ ಒಂದು ವರ್ಷ ಕಳೆದ ಮೇಲೆ. ಬಂದವನು ಕೈಯಲ್ಲಿ ಗ್ರೀಸು ಇಲ್ಲದಿದ್ದರೂ ನನ್ನ ಪೇಪರು ಎಳೆದು ಒರೆಸಿಕೊಂಡು ಕೂತ.

"ಡಾಕ್ಟರ್ ಸಾಬ್ರ ಮನಿಗೆ ಹೋಗಿದ್ನೋ ಕೊಟ್ರಣ್ಣ. ಹುಡುಕ್ಕೊಂಡು ಹೋಗಿ ಕದಾ ಬಡಿದೆ. ಕಿಡಕಿಯಾಗಿಂದ ಮುಖಾ ಹಾಕಿ ಏನಂದ್ರು ಗೊತ್ತೇನು? 'ಖಾದರ್, ಊಟಕ್ಕೆ ಕೂತಿದೀನಿ, ಮುಗಿಸಿ ಬರ್ತೀನಿ, ಅಲ್ಲೇ ಇರು' ಅಂದ್ರು! ನನಗ! ಅಷ್ಟು ದೂರದಿಂದ ಹೋದಂವಗ!"

"ನಿನಗ ಸಿಟ್ಟು ಬರಲಿಲ್ಲೇನು?"

"ಬಂತು. ಆಮ್ಯಾಲೆ ಒಳಗ ಕೂಸು ನಗೂದು ಕೇಳಿಸ್ತು, ಡಾಕ್ಟರಮ್ಮ ಏನೋ ಹಾಡಾಕತ್ತಿದ್ರು. ಮೆಟ್ಟಿಲ ಮ್ಯಾಲೆ ಕುಂತು ಕೇಳಿದ್ನಿ. ಎದ್ದು ಬರಾಕ ಮನಸಾಗಲಿಲ್ಲ." ಖಾದರ ನೆನಪಾದವನಂತೆ ಹೇಳಿದ: "ಹಾಂ, ನಿನಗೊಂದು ಮಾತು ಹೇಳಿ ಕಳ್ಸ್ಯಾರ. ಮರೀಬ್ಯಾಡ ಅಂತ ಎರಡು ಸಲ ಹೇಳ್ಯಾರ. 'ಊಟ ಆದ ಮೇಲೆ' ಅಂತ. ಏನದು?"

ಗುಳಿಗೆ ಮುಗಿದು ಎಷ್ಟೋ ಕಾಲವಾಗಿತ್ತು. ಎಲ್ಲವನ್ನೂ ಊಟಕ್ಕೆ ಮುಂಚೆಯೇ ನುಂಗಿದ್ದೆ.